ಕರ್ನಾಟಕದಲ್ಲಿ ಮತ್ತೆ ಲಾಟರಿ ತಂದರೆ ಸರ್ಕಾರಕ್ಕೆ ಲಾಭ ಇದೆಯಾ?

ಕೇರಳ ಲಾಟರಿಯಿಂದ ವರ್ಷಕ್ಕೆ 12 ಸಾವಿರ ಕೋಟಿ ದುಡಿಯುತ್ತಂತೆ, ನಮ್ಮಲ್ಲೂ ಶುರು ಮಾಡಿದರೆ ಗ್ಯಾರಂಟಿಗಳ ಖರ್ಚು ಅದರಲ್ಲೇ ಕಳೆಯುತ್ತೆ ಅಲ್ವಾ ಅಂತ ಕೇಳಿದ್ದೀರಿ. ನಾನು ಕೇರಳದ ಗಡಿ ಊರು ಮಂಜೇಶ್ವರದವನು, ಸಣ್ಣ ಅಂಗಡಿ ಇದೆ. ಅಂಗಡಿ ಜಗಲಿಯ ಒಂದು ಮೂಲೆಯಲ್ಲಿ ಲಾಟರಿ ಮಾರುವವರೊಬ್ಬರು ಮೇಜು ಹಾಕಿಕೊಂಡಿದ್ದಾರೆ. ಹಾಗಾಗಿ ಈ ವ್ಯಾಪಾರ ದಿನಾ ಕಣ್ಣೆದುರೇ ನಡೆಯುತ್ತೆ.

ಮೊದಲು ಆ 12 ಸಾವಿರ ಕೋಟಿ ವಿಷಯ. ಅಂಕಿ ಸುಳ್ಳಲ್ಲ. 2023-24ರಲ್ಲಿ ಸುಮಾರು 12,500 ಕೋಟಿ ಬಂದಿದೆ. ಆದರೆ ಅದು ಟಿಕೆಟ್ ಮಾರಿ ಬಂದ ಒಟ್ಟು ದುಡ್ಡು, ಲಾಭ ಅಲ್ಲ. ಅರ್ಧಕ್ಕಿಂತ ಜಾಸ್ತಿ ಬಹುಮಾನವಾಗಿ ವಾಪಸ್ ಹೋಗುತ್ತೆ. ಏಜೆಂಟರ ಕಮಿಷನ್, ಅಚ್ಚು ಹಾಕಿಸೋದು, ಜಾಹೀರಾತು ಎಲ್ಲ ಕಳೆದರೆ ಕೈಯಲ್ಲಿ ಉಳಿಯೋದು ಸಾವಿರ ಕೋಟಿ ಆಸುಪಾಸು. ಬಜೆಟ್ ಪುಸ್ತಕದಲ್ಲಿ ಮಾತ್ರ ಒಟ್ಟು ಮೊತ್ತವೇ ಆದಾಯ ಅಂತ ಕಾಣುತ್ತೆ, ಪೇಪರಿನವರೂ ಅದನ್ನೇ ಬರೆಯುತ್ತಾರೆ.

ಇದರ ಜೊತೆಗೆ ಜಿಎಸ್‌ಟಿ ಇದೆ. ಈಗ ದಿನದ ಟಿಕೆಟ್ 50 ರೂಪಾಯಿ. 2025ರ ಸೆಪ್ಟೆಂಬರ್‌ನಿಂದ ತೆರಿಗೆ ಶೇ 40 ಆಗಿದೆ. ಅಂದರೆ 50ರ ಒಳಗೇ 14 ರೂಪಾಯಿ ಚಿಲ್ಲರೆ ತೆರಿಗೆ. ಅದರಲ್ಲಿ ಅರ್ಧ ರಾಜ್ಯಕ್ಕೆ, ಅರ್ಧ ದೆಹಲಿಗೆ. ದೊಡ್ಡ ಬಹುಮಾನದ ಮೇಲಿನ ಆದಾಯ ತೆರಿಗೆಯನ್ನೂ ಕೇಂದ್ರವೇ ವಸೂಲಿ ಮಾಡುತ್ತೆ. 2024ರ ಓಣಂ ಬಂಪರ್‌ನ (ಹಬ್ಬಕ್ಕೆ ಬರುವ ದೊಡ್ಡ ಬಹುಮಾನದ ಲಾಟರಿ) 25 ಕೋಟಿ ಬಂದಿದ್ದು ನಮ್ಮ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ, ನೆನಪಿದೆಯಾ? ವಯನಾಡಿನಲ್ಲಿ ತಗೊಂಡ ಟಿಕೆಟ್ ಅದು. ಇಂಥ ಬಹುಮಾನದಲ್ಲಿ ಮೊದಲು ಏಜೆಂಟರ ಶೇ 10 ಹೋಗುತ್ತೆ, ಉಳಿದಿದ್ದರಲ್ಲಿ ಶೇ 30 ತೆರಿಗೆ, ಅದರ ಮೇಲೆ ಸರ್‌ಚಾರ್ಜ್, ಸೆಸ್. ಕೊನೆಗೆ ಸಿಗೋದು ಹೆಚ್ಚುಕಮ್ಮಿ ಅರ್ಧ.

ಇನ್ನು ಈ ದುಡ್ಡು ಯಾರದ್ದು ಅನ್ನೋದು. ನಮ್ಮ ಜಗಲಿಗೆ ಕಾರಿನಲ್ಲಿ ಬಂದು ಟಿಕೆಟ್ ತಗೊಳ್ಳೋರು ಬಂಪರ್ ಸೀಸನ್‌ನಲ್ಲಿ ಮಾತ್ರ, ಅದರಲ್ಲೂ ತಲಪಾಡಿ ದಾಟಿ ಬರುವ ಮಂಗಳೂರಿನವರೇ ಜಾಸ್ತಿ. ದಿನಾ ತಗೊಳ್ಳೋರು ಗಾರೆ ಕೆಲಸದವರು, ಮೀನು ಮಾರುವವರು, ರಿಕ್ಷಾದವರು. ಮಧ್ಯಾಹ್ನ ಮೂರಕ್ಕೆ ತಿರುವನಂತಪುರದಲ್ಲಿ ಡ್ರಾ ಶುರುವಾದರೆ ಇಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್. ಕೊನೆಯ ನಾಲ್ಕು ಅಂಕಿ ಹೊಂದಿಕೆಯಾಗಿ ಸಣ್ಣ ಬಹುಮಾನ ಬಂತು ಅಂದುಕೊಳ್ಳಿ, ಆ ದುಡ್ಡು ಜೇಬಿಗೆ ಹೋಗೋದೇ ಇಲ್ಲ. ಅಲ್ಲೇ ನಿಂತು ನಾಳೆಯ ಟಿಕೆಟ್ ತಗೊಳ್ಳುತ್ತಾರೆ. ಹೀಗೆ ಹೋದ ದುಡ್ಡು ನನ್ನ ಅಂಗಡಿಯ ಅಕ್ಕಿ, ಎಣ್ಣೆಗೆ ಬರಬೇಕಿದ್ದ ದುಡ್ಡು. ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ, ಸ್ವಲ್ಪ ಇರಬಹುದು ಬಿಡಿ. ಆದರೆ ಲೆಕ್ಕ ಇಷ್ಟೇ. ಹೊರಗಿನ ದುಡ್ಡು ಬರೋದು ಕಮ್ಮಿ, ಊರಿನದೇ ಊರೊಳಗೆ ತಿರುಗುತ್ತೆ. ಪ್ರತಿ ಸುತ್ತಿಗೂ ಒಂದು ಪಾಲು ತೆರಿಗೆಗೆ ಕಡಿತ.

ಗೋವಾದವರು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೆ. ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ 2020ರ ಫೆಬ್ರವರಿಯಿಂದ ಗೋವಾದವರಿಗೇ ಪ್ರವೇಶ ಇಲ್ಲ. ಸೋಲೋದಾದರೆ ಬೆಳಗಾವಿಯವನೋ ಬೆಂಗಳೂರಿನವನೋ ಸೋಲಲಿ ಅಂತ.

ಹಾಗಾದರೆ ಕೇರಳ ಯಾಕೆ ಬಿಡಲ್ಲ? 1967ರಲ್ಲಿ ಇಲಾಖೆ ಶುರು ಮಾಡಿದವರು, ಈಗ ಬಿಡಕ್ಕಾಗಲ್ಲ. ಲಕ್ಷಾಂತರ ಜನ ಟಿಕೆಟ್ ಮಾರಿ ಬದುಕುತ್ತಿದ್ದಾರೆ. ಅವರಲ್ಲಿ ಅಂಗವಿಕಲರು, ವಯಸ್ಸಾದವರು ತುಂಬಾ. ನಮ್ಮ ಜಗಲಿಯವರಿಗೂ ಒಂದು ಕಾಲು ಸ್ವಾಧೀನ ಇಲ್ಲ. ಮಾರಾಟವಾಗದ ಟಿಕೆಟ್ ಅವರ ತಲೆಗೇ, ಮಳೆಗಾಲದಲ್ಲಿ ಇದು ದೊಡ್ಡ ಪೆಟ್ಟು. ಆದರೂ ಬೇರೆ ಕೆಲಸ ಯಾರು ಕೊಡ್ತಾರೆ? 2011ರಲ್ಲಿ ಶುರುವಾದ ಕಾರುಣ್ಯ ಲಾಟರಿ ದುಡ್ಡಿನಿಂದ ಬಡವರ ಕ್ಯಾನ್ಸರ್, ಕಿಡ್ನಿ, ಹೃದಯದ ಚಿಕಿತ್ಸೆಗೂ ಸಹಾಯ ಹೋಗಿದೆ. ಅದನ್ನು ಅಲ್ಲಗಳೆಯೋಕಾಗಲ್ಲ.

ಕಾನೂನು ಪ್ರಕಾರ ನಡೆದರೆ ಕಳ್ಳ ಜೂಜು ನಿಲ್ಲುತ್ತೆ ಅನ್ನೋ ವಾದ ಮಾತ್ರ ನಂಬಬೇಡಿ. ಇಲ್ಲಿ ಸರ್ಕಾರಿ ಫಲಿತಾಂಶದ ಕೊನೆಯ ಮೂರು ಅಂಕಿ ಮೇಲೆ ಚೀಟಿ ಬರೆದು ಬೆಟ್ ಕಟ್ಟುವ ದಂಧೆಯೇ ಬೇರೆ ಇದೆ. ಹತ್ತಿಪ್ಪತ್ತು ರೂಪಾಯಿಗೆ ಆಡಬಹುದು, ತೆರಿಗೆ ಇಲ್ಲ. ಡ್ರಾದ ಖರ್ಚು ಸರ್ಕಾರದ್ದು, ಲಾಭ ಇವರದ್ದು! ಹಾಗಂತ ನಿಷೇಧವೂ ಮದ್ದಲ್ಲ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಆದರೂ 2015ರಲ್ಲಿ ಅಕ್ರಮ ಒಂದಂಕಿ ಲಾಟರಿ ಹಗರಣ ಹೊರಬಿದ್ದು ಸಿಬಿಐವರೆಗೆ ಹೋಯಿತು.

ಇನ್ನು ನಿಮ್ಮ ಗ್ಯಾರಂಟಿ ಲೆಕ್ಕ. ಅವಕ್ಕೆ ವರ್ಷಕ್ಕೆ ಬೇಕಿರೋದು 50 ಸಾವಿರ ಕೋಟಿಗೂ ಜಾಸ್ತಿ. ಕೇರಳದಷ್ಟೇ ಚೆನ್ನಾಗಿ ನಡೆಸಿದರೂ ಉಳಿಯೋದು ಸಾವಿರ ಕೋಟಿ, ಜೊತೆಗೆ ಜಿಎಸ್‌ಟಿ ಪಾಲು. ಆ ಪಾಲೂ ಪೂರ್ತಿ ಹೊಸ ಆದಾಯ ಅಲ್ಲ. ಅದೇ ದುಡ್ಡಲ್ಲಿ ಜನ ಸೋಪೋ ಚಪ್ಪಲಿಯೋ ತಗೊಂಡಿದ್ದರೂ ಒಂದಷ್ಟು ಜಿಎಸ್‌ಟಿ ಬರುತ್ತಿತ್ತು.