ಮೊದಲ ಬೀಮಿಗೆ ಅದರದೇ ಬೋಲ್ಟು: ಶಿಕಾಗೋಗೆ ಬರುತ್ತಿರುವ ಡೀಟೇಲರ್ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ನೀನು ಭದ್ರಾವತಿಯವನು, ಬೆಂಗಳೂರಿನಲ್ಲಿ ಕೂತು ಟೆಕ್ಲಾ ಸಾಫ್ಟ್‌ವೇರಿನಲ್ಲಿ ಅಮೆರಿಕದ ಕಟ್ಟಡಗಳಿಗೆ ಸ್ಟೀಲ್ ಡೀಟೇಲಿಂಗ್ (ಉಕ್ಕಿನ ಪ್ರತಿ ತುಂಡನ್ನೂ ಹೇಗೆ ಮಾಡಿ ಜೋಡಿಸಬೇಕೆಂಬ ಡ್ರಾಯಿಂಗ್) ಮಾಡಿದವನು. ಈಗ ಶಿಕಾಗೋ ಪಕ್ಕದ ಒಂದು ಫ್ಯಾಬ್ರಿಕೇಷನ್ ಕಂಪನಿಗೆ ಜನವರಿಯಲ್ಲಿ ಬರುತ್ತಿದ್ದೀಯ. "ಅಣ್ಣಾ, ಸಾಫ್ಟ್‌ವೇರ್ ಗೊತ್ತಿದ್ದರೆ ಸಾಕಾ? ಸೈಟಿಗೂ ಕಳಿಸುತ್ತಾರಂತೆ, ಅಲ್ಲಿ ಏನು ನೋಡಬೇಕು? ಚಳಿ, ಮನೆ, ಊಟ ಹೇಗೆ?" ಎಂದು ಕೇಳಿದ್ದೀಯ. ನಾನು ಬಂದದ್ದೂ ಚಳಿಗಾಲದಲ್ಲೇ. ಪರದೆಯ ಮೇಲೆ ಬೆರಳಗಲ ಕಂಡಿದ್ದ ಬೀಮು ಕ್ರೇನಿಗೆ ನೇತಾಡುವುದನ್ನು ಮೊದಲ ಸಲ ನೋಡಿದಾಗ ಎದೆ ಝಲ್ಲೆಂದಿತ್ತು.

ಮನೆ, ಊಟದ ಚಿಂತೆ ಬಿಡು. ನೇಪರ್‌ವಿಲ್, ಅರೋರಾ ಕಡೆ ನಮ್ಮವರು ಬೇಕಾದಷ್ಟಿದ್ದಾರೆ, ವಿದ್ಯಾರಣ್ಯ ಕನ್ನಡ ಕೂಟವಿದೆ, ಸಾರಿನ ಪುಡಿಯನ್ನು ಅಮ್ಮ ಹೇಗೂ ಕಟ್ಟಿಕೊಡುತ್ತಾರೆ. ಸೈಟಿಗೆ ಹತ್ತಿಯ ಒಳಉಡುಪು ಬೇಡ, ಬೆವರು ಹೀರಿ ಮೈಯನ್ನು ತಣ್ಣಗಾಗಿಸುತ್ತದೆ. ಬೂಟನ್ನು ದಪ್ಪ ಕಾಲುಚೀಲ ಹಿಡಿಸುವಷ್ಟು ಸಡಿಲ ತೆಗೆದುಕೋ. ಅಡಿ-ಇಂಚು ನಿನಗೆ ರೂಢಿಯಾಗಿಯೇ ಇದೆ, ಅದರಲ್ಲಿ ಹೇಳುವುದೇನಿಲ್ಲ.

ಸಾಫ್ಟ್‌ವೇರ್ ಗೊತ್ತಿದ್ದರೆ ಸಾಲದು. ಮಾಡೆಲ್‌ನಲ್ಲಿ ಬೀಮು ತನ್ನ ಜಾಗದಲ್ಲಿ ಮೊದಲೇ ಕೂತಿರುತ್ತದೆ, ಅಲ್ಲಿಗೆ ಹೇಗೆ ಬಂತೆಂದು ಪರದೆ ಕೇಳುವುದಿಲ್ಲ. ಮೇಲೆ ನಿಂತ ಐರನ್‌ವರ್ಕರ್ ಒಂದು ಕೈಯಲ್ಲಿ ಸ್ಪಡ್ ರೆಂಚ್ ಹಿಡಿದು, ಅದರ ಚೂಪು ತುದಿಯನ್ನು ತೂತಿಗೆ ತೂರಿಸಿ ಬೀಮನ್ನು ಸಾಲಿಗೆ ತಂದು, ಇನ್ನೊಂದು ಕೈಯಲ್ಲಿ ಬೋಲ್ಟ್ ಹಾಕಬೇಕು. ಇಲ್ಲಿ ಕೆಲಸದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಓಶಾದ ನಿಯಮದ ಪ್ರಕಾರ ಪ್ರತಿ ಜೋಡಣೆಗೂ ಕನಿಷ್ಠ ಎರಡು ಬೋಲ್ಟ್ ರೆಂಚಿನಿಂದ ಬಿಗಿಯಾಗುವವರೆಗೆ ಕ್ರೇನಿನ ಹಗ್ಗ ಬಿಚ್ಚುವಂತಿಲ್ಲ. ಡ್ರಾಯಿಂಗಿನಲ್ಲಿರುವ ಅಳತೆ, ಗಟ್ಟಿತನದ ಬೋಲ್ಟೇ ಆಗಬೇಕು, ತಾತ್ಕಾಲಿಕವೆಂದು ಸಣ್ಣದು ನಡೆಯದು.

ಇಲ್ಲೇ ನಾನು ನಿನಗೆ ಒತ್ತಿ ಹೇಳಬೇಕಾದ ಮಾತಿದೆ. ಕಾಲಮ್ಮಿನ ವೆಬ್‌ಗೆ, ಅಂದರೆ H ಆಕಾರದ ಕಂಬದ ನಡುವಿನ ತಟ್ಟೆಗೆ, ಎರಡೂ ಕಡೆಯಿಂದ ಬೀಮು ಬರುತ್ತದೆ, ಎರಡಕ್ಕೂ ಕ್ಲಿಪ್ ಆಂಗಲ್ (L ಆಕಾರದ ಜೋಡಣೆ ತುಂಡು), ಎರಡಕ್ಕೂ ಅವೇ ಬೋಲ್ಟು. ಮಾಡೆಲ್‌ನಲ್ಲಿ ನೋಡಲು ಬಹಳ ಚೆಂದ, ಲೆಕ್ಕಕ್ಕೂ ಸರಿ, ತುಂಡಿಗೆ ತುಂಡು ತಾಗುತ್ತದೆಯೇ ಎಂದು ನೋಡುವ ಕ್ಲ್ಯಾಶ್ ಚೆಕ್‌ನಲ್ಲೂ ಏನೂ ಬರುವುದಿಲ್ಲ. ಈಗ ಕಟ್ಟುವವನ ಜಾಗದಲ್ಲಿ ನಿಂತು ನೋಡು. ಮೊದಲ ಬೀಮು ಬಂತು, ಬೋಲ್ಟ್ ಹಾಕಿ ನಟ್ ಬಿಗಿದಾಯಿತು, ಕ್ರೇನು ಹೋಯಿತು. ಎರಡನೆಯ ಬೀಮು ಆಚೆ ಕಡೆಯಿಂದ ಬಂತು. ಅದರ ಆಂಗಲ್ ಅದೇ ಬೋಲ್ಟಿಗೆ ಕೂರಬೇಕಾದರೆ ಮೊದಲಿನ ನಟ್‌ಗಳನ್ನು ಬಿಚ್ಚಬೇಕು, ಬೋಲ್ಟ್‌ಗಳನ್ನು ಹಿಂದಕ್ಕೆ ಸರಿಸಬೇಕು. ಆ ಹೊತ್ತಿನಲ್ಲಿ ಮೊದಲ ಬೀಮನ್ನು ಹಿಡಿದಿರುವುದು ಏನೂ ಇಲ್ಲ. ಎಷ್ಟೋ ಸಲ ಕೆಲಸಗಾರ ಕೂತಿರುವುದೂ ಅದೇ ಬೀಮಿನ ಮೇಲೆ. ಕಾಲಮ್ಮು ಒಂದಿಷ್ಟು ವಾಲಿದರೆ, ಬರುತ್ತಿರುವ ಬೀಮು ತಾಗಿದರೆ, ಬೀಮಿನ ಜೊತೆ ಅವನೂ ಕೆಳಗೆ.

ಅದಕ್ಕೇ ನಿಯಮ ಸ್ಪಷ್ಟವಾಗಿದೆ: ತೂತುಗಳನ್ನು ಹಂಚಿಕೊಂಡ ಇಂಥ ಜೋಡಣೆಯಲ್ಲಿ ಮೊದಲ ಬೀಮಿಗೆ ಕನಿಷ್ಠ ಒಂದು ಬೋಲ್ಟು ನಟ್ ಸಮೇತ ಬಿಗಿಯಾಗಿ ಉಳಿದಿರಲೇಬೇಕು. ಇಲ್ಲವಾದರೆ ಅದನ್ನು ಹಿಡಿದಿಡುವ ಸೀಟ್ (ಬೀಮು ಕೂರುವ ಆಸರೆ) ಅಥವಾ ಅಂಥದೇ ಏರ್ಪಾಡು ಬೇಕು. ಇದನ್ನು ಸೈಟಿನಲ್ಲಿ ಸರಿಮಾಡಲಾಗದು, ಡೀಟೇಲರ್ ಮೇಜಿನಲ್ಲೇ ಆಗಬೇಕು. ಒಂದು ದಾರಿ, ಮೊದಲ ಬೀಮಿನ ಆಂಗಲ್ಲನ್ನು ಒಂದು ಸಾಲು, ಅಂದರೆ 3 ಇಂಚು ಹೆಚ್ಚು ಉದ್ದ ಮಾಡಿ, ಆ ಬೀಮಿಗೆ ಮಾತ್ರ ಸೇರಿದ ಬೋಲ್ಟ್ ಕೊಡುವುದು. ಇನ್ನೊಂದು, ಬೀಮಿನ ಕೆಳಗೆ ಕಾಲಮ್ಮಿಗೆ ಶಾಪಿನಲ್ಲೇ (ಫ್ಯಾಬ್ರಿಕೇಷನ್ ಕಾರ್ಖಾನೆಯಲ್ಲೇ) ಸೀಟ್ ಆಂಗಲ್ ಬೆಸೆಯುವುದು. ನನಗೆ ಮೆಚ್ಚುಗೆಯಾದದ್ದು ಮೂರನೆಯದು: ಬೀಮನ್ನು ಬೋಲ್ಟ್ ಮಾಡಲು ಕಾಲಮ್ಮಿಗೆ ಬೆಸೆಯುವ ಶಿಯರ್ ಟ್ಯಾಬ್ ಪ್ಲೇಟನ್ನು ಕಾಲಮ್ಮಿನ ಫ್ಲಾಂಜ್ (ವೆಬ್‌ನ ಎರಡು ಅಂಚಿನ ಅಡ್ಡ ತಟ್ಟೆ) ದಾಟಿ ಹೊರಗೆ ತರುವುದು. ಆಗ ಎರಡು ಬೀಮಿಗೂ ಬೋಲ್ಟ್ ಬೇರೆಬೇರೆ, ಬೀಮು ಪಕ್ಕದಿಂದ ಸಲೀಸಾಗಿ ಬಂದು ಕೂರುತ್ತದೆ, ರೆಂಚಿಗೂ ಜಾಗ. ಆದರೆ ಬೋಲ್ಟಿನ ಸಾಲು ವೆಬ್‌ನಿಂದ ದೂರ ಹೋದಷ್ಟೂ ಪ್ಲೇಟಿಗೆ ಬಾಗುವ ಒತ್ತಡ ಹೆಚ್ಚು, ಹಾಗಾಗಿ ಕನೆಕ್ಷನ್ ಇಂಜಿನಿಯರ್ ಒಪ್ಪಿಗೆಯಿಲ್ಲದೆ ಮುಟ್ಟಬೇಡ.

ಯಾವುದು ಮೊದಲ ಬೀಮು ಎಂದು ತಿಳಿಯುವುದು ಹೇಗೆ? ಸೈಟಿನಲ್ಲಿ ಉಕ್ಕು ನಿಲ್ಲಿಸುವ ಎರೆಕ್ಟರ್‌ನನ್ನು ಕೇಳಬೇಕು. ಕ್ರೇನ್ ಎಲ್ಲಿ ನಿಲ್ಲುತ್ತದೆ, ಯಾವ ದಿಕ್ಕಿನಿಂದ ಕಟ್ಟುತ್ತಾರೆ ಎಂದು ಡೀಟೇಲಿಂಗ್ ಶುರುವಾಗುವ ಮುಂಚೆಯೇ ಕೇಳು. ನನಗಿರುವ ಕೊರಗು ಇದೇ. ಬೆಂಗಳೂರಿನಲ್ಲಿ ಕಣ್ಣೆದುರೇ ಕಟ್ಟಡಗಳು ಏಳುತ್ತಿದ್ದವು, ಆದರೆ ಬೀಮು ಏರುವುದನ್ನು ಕೆಳಗೆ ನಿಂತು ನೋಡಲು ನಮ್ಮನ್ನು ಯಾರೂ ಕರೆದೊಯ್ಯಲಿಲ್ಲ. ನಿನಗಿನ್ನೂ ಕೆಲವು ವಾರಗಳಿವೆ. ಪರಿಚಯದವರ ಮೂಲಕವಾದರೂ ಸ್ಟೀಲ್ ನಿಲ್ಲಿಸುವ ಒಂದು ಸೈಟಿಗೆ ಹೋಗಿ ಒಂದು ದಿನ ನಿಂತು ಬಾ.

ಸೈಟಿನಲ್ಲಿ ಏನು ನೋಡಬೇಕೆಂದು ಕೇಳಿದೆಯಲ್ಲ. ಮೊದಲು ತಳ. ಪ್ರತಿ ಕಾಲಮ್ಮಿಗೂ ಕನಿಷ್ಠ ನಾಲ್ಕು ಆಂಕರ್ ರಾಡ್ (ಕಾಂಕ್ರೀಟಿನಲ್ಲಿ ಹೂತ ಸರಳು) ಇರಬೇಕು. ಕಾಲಮ್ಮಿನ ಹೊರಮೈಯಿಂದ 18 ಇಂಚು ಆಚೆ 300 ಪೌಂಡ್ ತೂಗಿದರೂ ಅದು ನಿಲ್ಲಬೇಕು. ಕಾಲಮ್ಮು ಹತ್ತಿದ ಕೆಲಸಗಾರನ ತೂಕದ ಲೆಕ್ಕ ಅದು. ಕಾಂಕ್ರೀಟ್ ಉದ್ದೇಶಿತ ಬಲದ 75 ಶೇಕಡಾ ಮುಟ್ಟಿದೆಯೆಂದು ಬರಹದಲ್ಲಿ ಬರುವವರೆಗೆ ಎರೆಕ್ಟರ್ ಶುರು ಮಾಡುವಂತಿಲ್ಲ. ರಾಡ್ ಬಾಗಿದ್ದರೆ ಬಡಿದು ನೇರ ಮಾಡುವುದು, ಬೇಸ್ ಪ್ಲೇಟಿನ ತೂತನ್ನು ಗ್ಯಾಸಿನಲ್ಲಿ ಹಿಗ್ಗಿಸುವುದು ನಮ್ಮ ಕಡೆ ಕಂಡದ್ದೇ. ಇಲ್ಲಿ ರಾಡ್ ರಿಪೇರಿಗೆ ಸ್ಟ್ರಕ್ಚರಲ್ ಇಂಜಿನಿಯರ್ ಅನುಮತಿ ಬೇಕು.

ಹೊರ ಅಂಚಿನ ಕಾಲಮ್ಮಿನ ಸ್ಪ್ಲೈಸ್ (ಒಂದರ ಮೇಲೊಂದು ಕಾಲಮ್ಮು ಕೂಡುವ ಜಾಗ) ಆ ಅಂತಸ್ತಿನ ನೆಲದಿಂದ ಕನಿಷ್ಠ 48 ಇಂಚು ಮೇಲಿರಬೇಕು, ಸುರಕ್ಷತಾ ಕೇಬಲ್ಲಿಗೆ 42ರಿಂದ 45 ಇಂಚಿನ ಎತ್ತರದಲ್ಲಿ ಒಂದು, ನಡುವೆ ಒಂದು ತೂತು ಶಾಪಿನಲ್ಲೇ ಕೊಡಬೇಕು. ಕಾಂಕ್ರೀಟನ್ನು ಬೀಮಿಗೆ ಹಿಡಿಸುವ ಗೂಟಗಳಾದ ಶಿಯರ್ ಸ್ಟಡ್‌ಗಳನ್ನು ಬೀಮಿನ ಮೇಲೆ ಶಾಪಿನಲ್ಲಿ ಬೆಸೆದು ಕಳಿಸಬೇಡ. ನಡೆಯುವವನ ಕಾಲಿಗೆ ಎಡವುತ್ತವೆ. ಡೆಕ್ (ಕಾಂಕ್ರೀಟಿನ ಕೆಳಗಿನ ಲೋಹದ ಹಾಳೆ) ಹಾಸಿದ ಮೇಲೆಯೇ ಅವು.

ಬೋಲ್ಟಿನ ಉದ್ದವನ್ನು ಸಾಫ್ಟ್‌ವೇರ್ ಕೊಟ್ಟಿತೆಂದು ಬಿಡಬೇಡ. ಕೂಡುವ ಪ್ಲೇಟ್‌ಗಳ ದಪ್ಪ, ಅದಕ್ಕೆ 3/4 ಇಂಚಿನ ಬೋಲ್ಟಿಗಾದರೆ 1 ಇಂಚು, ವಾಷರ್ ಒಂದಕ್ಕೆ 5/32 ಸೇರಿಸಿ, ಮುಂದಿನ ಕಾಲು ಇಂಚಿಗೆ ಏರಿಸು. 3/8ರ ಟ್ಯಾಬ್, 5/16ರ ವೆಬ್ ಇದ್ದರೆ 1 27/32 ಬರುತ್ತದೆ, 2 ಇಂಚಿನದು ಕರೆಸು. ಗಿಡ್ಡವಾದರೆ ನಟ್‌ಗೆ ಪೂರ್ತಿ ಮರೆ (ಥ್ರೆಡ್) ಸಿಗದು. ಉದ್ದವಾದರೆ ಇನ್ನೂ ಕೆಟ್ಟದು: ಮರೆಯಿಲ್ಲದ ಭಾಗಕ್ಕೆ ನಟ್ ಹೋಗಿ ಕಚ್ಚಿಕೊಳ್ಳುತ್ತದೆ, ಕೈಗೆ ಬಿಗಿ ಅನ್ನಿಸುತ್ತದೆ, ಪ್ಲೇಟುಗಳು ಒತ್ತಿಕೊಂಡಿರುವುದಿಲ್ಲ. ಸಾಕಷ್ಟು ಬಿಗಿದಾಗ ತುದಿ ತಾನೇ ಮುರಿಯುವ ಟೆನ್ಷನ್ ಕಂಟ್ರೋಲ್ ಬೋಲ್ಟುಗಳಲ್ಲಿ ಎಣ್ಣೆಯೇ ಮುಖ್ಯ. ಡಬ್ಬಿ ತೆರೆದಿಟ್ಟು ಮಳೆ, ಧೂಳು ತಾಗಿದರೆ ಬಿಗಿತ ಬರುವ ಮುಂಚೆಯೇ ತುದಿ ಮುರಿಯುತ್ತದೆ. ಅವುಗಳ ಗನ್ ಕಾಲಮ್ಮಿನ ಫ್ಲಾಂಜ್‌ಗಳ ನಡುವೆ ಹಿಡಿಸದ ಕಡೆ ಆರು ಮೂಲೆ ತಲೆಯ ಹೆಕ್ಸ್ ಬೋಲ್ಟ್ ತೋರಿಸು.

ಕಾಲಮ್ಮು ವಾಲುವುದಕ್ಕೆ ಮಿತಿ 500ಕ್ಕೆ 1, ಅಂದರೆ 500 ಇಂಚು ಎತ್ತರಕ್ಕೆ 1 ಇಂಚು. ನೂರು ಅಡಿ ಉಕ್ಕು 100 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸಕ್ಕೆ ಸುಮಾರು ಮುಕ್ಕಾಲು ಇಂಚು ಹಿಗ್ಗುತ್ತದೆ, ಶಿಕಾಗೋದ ಜನವರಿಗೂ ಜುಲೈಗೂ ಅಷ್ಟು ಅಂತರ ಸುಲಭವಾಗಿ ಬರುತ್ತದೆ. ಬಿಸಿಲು ಒಂದೇ ಬದಿಗೆ ಬಿದ್ದಾಗ ಎತ್ತರದ ಚೌಕಟ್ಟು ಸ್ವಲ್ಪ ವಾಲುತ್ತದೆ, ಸರ್ವೆ ಬೆಳಿಗ್ಗೆಯೇ ಆಗಲಿ.

ಬಿಡುವಾದಾಗ ವಿಲ್ಲಿಸ್ ಟವರ್ ನೋಡಿ ಬಾ. ಢಾಕಾದಲ್ಲಿ ಹುಟ್ಟಿದ ಫಜ್ಲುರ್ ಖಾನ್ ಅದರ ಸ್ಟ್ರಕ್ಚರಲ್ ಇಂಜಿನಿಯರ್. 15 ಅಡಿಗೊಂದು ಕಾಲಮ್ಮು. ಎರಡು ಅಂತಸ್ತಿನ ಕಾಲಮ್ಮಿಗೆ ಬೀಮಿನ ತುಂಡುಗಳನ್ನು ಶಾಪಿನಲ್ಲೇ ಬೆಸೆದು ತಂದು, ಮೇಲೆ ಬೀಮಿನ ನಡುವೆ ಬೋಲ್ಟ್ ಮಾಡಿದರು. ಕಷ್ಟದ ಬೆಸುಗೆ ನೆಲದ ಮೇಲೆ, ಸುಲಭದ ಕೆಲಸ ಗಾಳಿಯಲ್ಲಿ. ನಮ್ಮ ಸೀಮೆಯ ಕಡೆಯವರೊಬ್ಬರ ಕೆಲಸವೆಂದು ಅದರ ಕೆಳಗೆ ನಿಂತಾಗ ಈಗಲೂ ಹೆಮ್ಮೆಯಾಗುತ್ತದೆ.

ಇನ್ನೊಂದು. ಹಿರಿಯರು ಹೇಳಿದ್ದಕ್ಕೆ ಹೂಂ ಅನ್ನುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಡಿಸೈನ್ ಡ್ರಾಯಿಂಗಿನಲ್ಲಿ ಇರುವುದನ್ನು ಅನುಕೂಲಕ್ಕೆಂದು ನೀನೇ ಬದಲಿಸಬೇಡ, ಆರ್‌ಎಫ್‌ಐ (ಇಂಜಿನಿಯರಿಗೆ ಬರಹದಲ್ಲಿ ಕಳಿಸುವ ಪ್ರಶ್ನೆ) ಬರೆ. 1981ರ ಜುಲೈ 17ರಂದು ಕಾನ್ಸಾಸ್ ಸಿಟಿಯ ಹಯಾತ್ ಹೋಟೆಲಿನ ಒಳಗೆ ರಾಡ್‌ಗಳಿಂದ ಒಂದರ ಕೆಳಗೊಂದು ತೂಗುಬಿಟ್ಟಿದ್ದ ಎರಡು ನಡೆದಾರಿಗಳು ಬಿದ್ದು 114 ಜನ ಸತ್ತರು. ಒಂದೇ ಉದ್ದ ರಾಡಿನ ಬದಲು ಎರಡು ರಾಡ್ ಮಾಡಿದ್ದರಿಂದ ಮೇಲಿನ ನಡೆದಾರಿಯ ಬೀಮಿನ ನಟ್ ಮೇಲೆ ಭಾರ ಎರಡು ಪಟ್ಟಾಗಿತ್ತು. ಕಟ್ಟಲು ಸುಲಭವೆಂದು ಮಾಡಿದ ಆ ಬದಲಾವಣೆ ಶಾಪ್ ಡ್ರಾಯಿಂಗಿನಲ್ಲಿ ಒಪ್ಪಿಗೆಯ ಮುದ್ರೆ ಸಮೇತ ದಾಟಿ ಹೋಗಿತ್ತು. ಆರ್‌ಎಫ್‌ಐನಲ್ಲಿ ಗ್ರಿಡ್, ಮಟ್ಟ, ಡ್ರಾಯಿಂಗ್ ಸಂಖ್ಯೆ, ಒಂದು ಚಿತ್ರ, ನಿನ್ನ ಸಲಹೆ ಇರಲಿ. ಉತ್ತರ ಬರುವವರೆಗೆ ಆ ಪೀಸನ್ನು ಶಾಪಿಗೆ ಬಿಡಬೇಡ.