ಹತ್ತಿಯನ್ನು ನಾಲ್ಕನೇ ಪುಟಕ್ಕೆ ತಳ್ಳಬೇಡಿ

ನಮಸ್ಕಾರ.

ಮಗನ ಮನೆಗೆಂದು ಆಸ್ಟಿನ್‌ಗೆ ಹೋದಾಗ ನೋಡಿಬಂದ ಟೆಕ್ಸಸ್‌ನ ಹಳ್ಳಿಯೊಂದರ ಡ್ಯಾನ್ಸ್ ಹಾಲ್, ಅದರ ಪಕ್ಕದ ಹೋಟೆಲ್ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲು ಚಿಕ್ಕ ತಿದ್ದುಪಡಿ. ಊರಿನ ಹೆಸರು ‘ಗ್ರುಯೆನ್’ ಅಲ್ಲ, ‘ಗ್ರೀನ್’. ‘ನಾಟ್ಯಮಂದಿರ’ವೂ ಬೇಡ, ಡ್ಯಾನ್ಸ್ ಹಾಲ್ ಎಂದರೆ ಸಾಕು.

ನಿಮ್ಮ ಮೊದಲ ಮೂರು ಪುಟಗಳ ತುಂಬ ಅಲ್ಲಿ ಹಾಡಿದವರ ಹೆಸರುಗಳಿವೆ. ಜಾರ್ಜ್ ಸ್ಟ್ರೇಟ್ ಯಾರೆಂದು ತಿಳಿಯದ ನಮ್ಮ ಓದುಗರಿಗೆ ಹತ್ತಿ ಚೆನ್ನಾಗಿ ಗೊತ್ತು. 1878ರಲ್ಲಿ ಆ ಹಾಲ್ ಕಟ್ಟಿಸಿದ ಹೆನ್ರಿ ಗ್ರೀನ್ ಜರ್ಮನ್ ವಲಸಿಗರ ಮಗ, ಹತ್ತಿ ಹೊಲಗಳ ಒಡೆಯ. ಅವನ ಹೊಲ ಮಾಡುತ್ತಿದ್ದವರನ್ನು ನೀವು ‘ಷೇರ್‌ಕ್ರಾಪರ್’ ಎಂದಿದ್ದೀರಿ. ಕೋರಿಗೆ ಹೊಲ ಮಾಡುವವರು ಎಂದು ಬರೆದುನೋಡಿ. ಧಾರವಾಡ, ಹಾವೇರಿಯ ಕಡೆಯವರಿಗೆ ಆ ಬದುಕು ಒಂದೇ ಮಾತಿನಲ್ಲಿ ಕಣ್ಣಿಗೆ ಕಟ್ಟುತ್ತದೆ. ಬೆಳೆಯಲ್ಲಿ ಪಾಲು, ಒಡೆಯನದೇ ಅಂಗಡಿ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನೂ ಒಡೆಯನದೇ. ಹಾಲ್ ಕೂಡ ಒಡೆಯನದೇ. ಅವನು ವಾಸವಿದ್ದ ಮನೆಯೇ ಇಂದು ನೀವು ಉಳಿದುಕೊಂಡ ಹೋಟೆಲ್! ಇಷ್ಟು ದೊಡ್ಡ ಸಂಗತಿಯನ್ನು ಕೋಣೆಯ ಬಾಡಿಗೆಯ ಜೊತೆ ಆವರಣ ಚಿಹ್ನೆಯೊಳಗೆ ಇಟ್ಟಿದ್ದೀರಲ್ಲ.

ಒಂದು ತಪ್ಪಂತೂ ಉಳಿಯಲೇಬಾರದು. 1925ರಲ್ಲಿ ಊರಿನ ಹತ್ತಿಯನ್ನು ಹಾಳುಮಾಡಿದ್ದು ಕಾಯಿಕೊರಕ ಎಂದಿದ್ದೀರಿ. ಕಾಯಿಕೊರಕ ಪತಂಗದ ಮರಿಹುಳು, ನಮ್ಮ ರೈತರ ಶತ್ರು. ಅಲ್ಲಿಗೆ ಬಂದದ್ದು ಮೂತಿಹುಳು. ಉದ್ದ ಮೂತಿಯಿಂದ ಮೊಗ್ಗು ಕೊರೆದು ಅದರೊಳಗೆ ಮೊಟ್ಟೆಯಿಡುವ ದುಂಬಿ ಅದು. ಹತ್ತಿ ಬೆಳೆಯುವ ಓದುಗರು ಇದನ್ನು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು. ಜಿನ್ನು 1922ರಲ್ಲೇ ಸುಟ್ಟುಹೋಗಿತ್ತು. ಹುಳುವಿನ ಹಿಂದೆಯೇ ಆರ್ಥಿಕ ಕುಸಿತವೂ ಬಂದು ಊರು ಬರಿದಾಯಿತು.

‘ಮುಂದೆ ಹಾಲ್ ಪುನರುಜ್ಜೀವನಗೊಂಡಿತು’ ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಿ. ತಾನಾಗಿ ಏನೂ ಆಗಲಿಲ್ಲ. 1974ರಲ್ಲಿ ಗ್ವಾಡಲೂಪ್ ನದಿಯಲ್ಲಿ ದೋಣಿ ನಡೆಸುತ್ತಿದ್ದ ಚಿಪ್ ಕಾಫ್‌ಮನ್ ಎಂಬ ವಾಸ್ತುಶಿಲ್ಪದ ವಿದ್ಯಾರ್ಥಿಗೆ ದಡದಾಚೆ ಹಳೆಯ ನೀರಿನ ಟ್ಯಾಂಕ್ ಕಾಣಿಸಿತು. ದಡ ಏರಿ ನೋಡಿದರೆ ಊರನ್ನು ಕೆಡವಿ ಮನೆಗಳನ್ನು ಕಟ್ಟುವ ತಯಾರಿ ನಡೆದಿತ್ತು. ಅವನು ಅದನ್ನು ತಡೆಯಲು ಓಡಾಡಿದ. ಮರುವರ್ಷ ಹಾಲ್ ಕೊಂಡ ಪ್ಯಾಟ್ ಮೊಲಾಕ್ ಅದನ್ನು ಹೊಸದಾಗಿಸದೆ ಇದ್ದಂತೆಯೇ ಉಳಿಸಿದ. ಇದಕ್ಕೆ ಒಂದು ಪುಟ ಕೊಡಿ.

ನಿಮ್ಮ ಒಂದು ವಾಕ್ಯದ ಕೆಳಗೆ ಗೆರೆ ಎಳೆದುಕೊಂಡಿದ್ದೇನೆ: ‘ಎಸಿ ಇರಲಿಲ್ಲ, ಪಕ್ಕದ ಗೋಡೆಯ ಹಲಗೆಬಾಗಿಲುಗಳನ್ನು ಎತ್ತಿ ನಿಲ್ಲಿಸಿದ್ದರು, ಕುಣಿಯುವವರ ಬೆವರಿನ ಮೇಲೆ ಹೊರಗಿನ ಗಾಳಿ ಆಡುತ್ತಿತ್ತು.’ ನೀವೇ ಕಂಡು ಬರೆದದ್ದು ಇದು. ಇಲ್ಲಿಂದ ಶುರುಮಾಡಿ, ನೇರ ಹೊಲಕ್ಕೆ ಹೋಗಿ. ಗಾಯಕರು ಕೊನೆಯಲ್ಲಿ ಬರಲಿ. 1,200 ಪದಗಳೊಳಗೆ ಮತ್ತೆ ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ