ತೋಟಾಗಳನ್ನು ಮನೆಯಲ್ಲೇ ರೀಲೋಡ್ ಮಾಡಿಕೊಂಡರೆ ದುಡ್ಡು ಉಳಿಯುತ್ತದೆಯೇ?

ನೀವು ಟೆಕ್ಸಾಸಿನಲ್ಲಿದ್ದೀರಿ, ವಾರಕ್ಕೊಮ್ಮೆ ರೇಂಜಿಗೆ ಹೋಗಿ 9 ಎಂಎಂ ಪಿಸ್ತೂಲಿನಲ್ಲಿ ನೂರು ಈಡು ಹೊಡೆಯುತ್ತೀರಿ, ರೀಲೋಡ್ ಮಾಡಿದರೆ, ಅಂದರೆ ಹೊಡೆದು ಖಾಲಿಯಾದ ತೋಟಾವನ್ನು ಮತ್ತೆ ತುಂಬಿಕೊಂಡರೆ, ಉಳಿತಾಯವೇ ಅಂತ ಕೇಳಿದ್ದೀರಿ. ಬರೀ ಉಳಿತಾಯಕ್ಕಾದರೆ ಬೇಡ. ನಾನು ಒಹಾಯೋದಲ್ಲಿ ಎಂಟು ವರ್ಷದಿಂದ ಮಾಡುತ್ತಿದ್ದೇನೆ.

ಮೊದಲು ಒಂದು ಮಾತು. ನೀವು ಎಚ್-1ಬಿಯಂಥ ವೀಸಾದ ಮೇಲೆ ಇದ್ದರೆ ಬಂದೂಕು ಇರಲಿ, ತೋಟಾ ಇಟ್ಟುಕೊಳ್ಳುವುದೂ ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇರುವಂಥ ಕೆಲವು ವಿನಾಯಿತಿಗಳಿವೆ, ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ಸ್ವಂತಕ್ಕೆ ರೀಲೋಡ್ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ವ್ಯಾಪಾರಕ್ಕಿಳಿದರೆ ಬೇಕು. ಊರಿಗೆ ಹೋದಾಗ ಮಾಡೋಣ ಅನ್ನುವ ಯೋಚನೆ ಮಾತ್ರ ಬಿಡಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸಿಲ್ಲದೆ ತೋಟಾ ತಯಾರಿಸುವಂತಿಲ್ಲ. ಕೊಡಗಿನವರಿಗಿರುವ ವಿನಾಯಿತಿ ಕೂಡ ಕೋವಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ.

ಈಗ ಲೆಕ್ಕ. ತೋಟಾದಲ್ಲಿರುವುದು ನಾಲ್ಕೇ ವಸ್ತು: ಹಿತ್ತಾಳೆ ಕೇಸು, ಪ್ರೈಮರ್ (ಮದ್ದಿಗೆ ಕಿಡಿ ಕೊಡುವುದು; ನಮ್ಮ ಮಲೆನಾಡಿನ ಕೇಪಿನ ಕೋವಿಯ ಕೇಪು ಇದೆಯಲ್ಲ, ಅದರದೇ ಸಂಬಂಧಿ), ಮದ್ದು, ಗುಂಡು. ಮತ್ತೆ ಬಳಸಲು ಸಿಗುವುದು ಕೇಸು ಮಾತ್ರ. ನಾನು ಶುರು ಮಾಡಿದಾಗ ಪ್ರೈಮರ್ ಒಂದಕ್ಕೆ ಮೂರು ಸೆಂಟ್ ಇತ್ತು, ಈಗ ಅದರ ಎರಡು ಮೂರು ಪಟ್ಟು. ನನ್ನ ಕೈಯಲ್ಲಿ 9 ಎಂಎಂ ತೋಟಾ ಒಂದಕ್ಕೆ ಹೆಚ್ಚೆಂದರೆ ಐದು ಸೆಂಟ್ ಉಳಿಯುತ್ತದೆ. ನಿಮ್ಮ ನೂರಕ್ಕೆ ವಾರಕ್ಕೆ ಐದು ಡಾಲರ್. ಸಾದಾ ಪ್ರೆಸ್ಸಿನಲ್ಲಿ (ತೋಟಾ ಒತ್ತಿ ಕೂರಿಸುವ ಕೈಯಂತ್ರ) ಅಷ್ಟು ಮಾಡಲು ಎರಡು ಗಂಟೆ ಹಿಡಿಯುತ್ತದೆ. ಪ್ರೆಸ್, ಅದಕ್ಕೆ ಹಾಕುವ ಅಚ್ಚು ಅಂದರೆ ಡೈ, ತಕ್ಕಡಿ, ಕೇಸು ಉಜ್ಜುವ ಟಂಬ್ಲರ್ ಅಂತ ಸುರಿದ ದುಡ್ಡು ಬೇರೆ.

ರೈಫಲ್ಲಿನ ಕಥೆಯೇ ಬೇರೆ. ನನ್ನ .308 ರೈಫಲ್ಲಿಗೆ ಅಂಗಡಿಯ ಮ್ಯಾಚ್ (ಸ್ಪರ್ಧೆಯ ಮಟ್ಟದ) ತೋಟಾ ಒಂದೂವರೆ ಡಾಲರಿಗೂ ಮೇಲೆ, ಮನೆಯಲ್ಲಿ ಅದರ ಅರ್ಧಕ್ಕೆ ಆಗುತ್ತದೆ. ಅದಕ್ಕಿಂತ ದೊಡ್ಡ ಲಾಭ ನಿಶಾನೆಯದು. ಒಂದೊಂದು ನಳಿಗೆಗೂ ಒಂದೊಂದು ಹದ. ಮದ್ದಿನ ತೂಕ, ಗುಂಡು ಕೂರುವ ಆಳ ಎಲ್ಲ ಅದಕ್ಕೆ ಹೊಂದಿದ ಮೇಲೆ, ನೂರು ಗಜದಲ್ಲಿ ಒಂದೂವರೆ ಇಂಚು ಹರಡುತ್ತಿದ್ದ ಐದು ಗುಂಡು ಮುಕ್ಕಾಲು ಇಂಚಿನೊಳಗೆ ಬಂದವು. ಮದ್ದು ತೂಗುವುದು ಗ್ರೇನಿನಲ್ಲಿ, ಅಂದರೆ ಅಕ್ಕಸಾಲಿಗನ ಒಂದು ಗುಲಗಂಜಿಯಲ್ಲಿ ಸುಮಾರು ಎರಡು ಗ್ರೇನ್. ನಾವು ನೋಡುವುದು ಒಂದು ಗ್ರೇನಿನ ಹತ್ತನೇ ಒಂದು ಪಾಲನ್ನು. ತೂಕ ಎಷ್ಟಿರಬೇಕು ಅನ್ನುವುದಕ್ಕೆ ಮದ್ದಿನ ಕಂಪನಿಯ ಕೈಪಿಡಿ ನೋಡಿ, ಯೂಟ್ಯೂಬಿನ ಅಣ್ಣಂದಿರ ಮಾತಲ್ಲ.

ಈಗ ನನ್ನ ಎಡವಟ್ಟು. ಒಂದು ಭಾನುವಾರ ಬೆಳಿಗ್ಗೆ 9 ಎಂಎಂ ಕೇಸುಗಳಿಗೆ ಮದ್ದು ಹಾಕುತ್ತಾ ಕೂತಿದ್ದೆ. ಊರಿನಲ್ಲಿ ಆಗ ಸಂಜೆ, ಅಮ್ಮನ ಫೋನ್ ಬಂತು. ಅಡಿಕೆ ಕೊನೆ ಕೊಯ್ಲಿನ ಸುದ್ದಿ, ಇಪ್ಪತ್ತು ನಿಮಿಷ. ವಾಪಸ್ ಬಂದು ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದ ಅಂದುಕೊಂಡು ಮುಂದುವರಿಸಿದೆ. ಮುಂದಿನ ವಾರ ರೇಂಜಿನಲ್ಲಿ ಒಂದು ಈಡು 'ಢಂ' ಅನ್ನದೆ 'ಠುಸ್' ಅಂದಿತು, ಪಿಸ್ತೂಲು ಒದೆಯಲೇ ಇಲ್ಲ. ನಾನು ಸ್ಲೈಡ್ ಎಳೆದು ಇನ್ನೊಂದು ಹೊಡೆಯುವವನಿದ್ದೆ. ಪಕ್ಕದ ಲೇನಿನ ಮುದುಕಪ್ಪ "ಸ್ಟಾಪ್!" ಅಂತ ಕಿರುಚಿದ. ಬಿಚ್ಚಿ ನೋಡಿದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿತ್ತು. ಮದ್ದೇ ಇಲ್ಲದ ತೋಟಾ, ಬರೀ ಪ್ರೈಮರಿನ ಬಲಕ್ಕೆ ಅಷ್ಟು ದೂರ ಹೋಗಿತ್ತು. ಅದರ ಹಿಂದೆ ಇನ್ನೊಂದು ಹೋಗಿದ್ದರೆ ನಳಿಗೆ ಸೀಳಬಹುದಿತ್ತು. ಪಿಸ್ತೂಲಿನ ಮದ್ದು ಎಷ್ಟು ಕಮ್ಮಿ ಅಂದರೆ, ಕೇಸಿನಲ್ಲಿ ಎರಡು ಸಲ ಬಿದ್ದರೂ ಎಷ್ಟೋ ಸಲ ಉಕ್ಕುವುದಿಲ್ಲ. ಅದು ಇದಕ್ಕಿಂತ ಕೆಟ್ಟದ್ದು. ಈಗ ಫೋನು ಇನ್ನೊಂದು ಕೋಣೆಯಲ್ಲಿ. ಗುಂಡು ಕೂರಿಸುವ ಮೊದಲು ಎಲ್ಲ ಕೇಸುಗಳೊಳಗೂ ಟಾರ್ಚ್ ಬಿಟ್ಟು ನೋಡುತ್ತೇನೆ.

ಕೇಸುಗಳಿಗೂ ಆಯಸ್ಸು ಇದೆ. ರೈಫಲ್ ಕೇಸಿನ ಬುಡದ ಹತ್ತಿರ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಅದು ಅಲ್ಲೇ ತುಂಡಾಗಲಿದೆ ಅಂತ. ತುದಿ ಬಾಗಿಸಿದ ಪೇಪರ್ ಕ್ಲಿಪ್ಪನ್ನು ಒಳಗೆ ಆಡಿಸಿದರೆ ತಗ್ಗು ಬೆರಳಿಗೇ ಗೊತ್ತಾಗುತ್ತದೆ. ಇನ್ನು ಸೀಸ. ಪ್ರೈಮರಿನ ಮಸಿಯಲ್ಲಿ ಅದಿರುತ್ತದೆ, ಕೇಸು ಉಜ್ಜುವ ಟಂಬ್ಲರಿನ ಧೂಳಿನಲ್ಲೂ. ಮನೆಯಲ್ಲಿ ಮಕ್ಕಳಿದ್ದರೆ ಆ ಕೆಲಸ ಗ್ಯಾರೇಜಿನಾಚೆ. ನಮ್ಮ ಮನೆಯವಳು ಕೇಸುಗಳ ಬಕೆಟ್ಟನ್ನು ಬಾತ್‌ರೂಮಿಗೂ ಬಿಡುವುದಿಲ್ಲ, ಅವಳು ಮಾಡುವುದೇ ಸರಿ. ಜೊತೆಗೆ, ರೀಲೋಡ್ ಬಳಸಿ ಪಿಸ್ತೂಲು ಕೆಟ್ಟರೆ ವಾರಂಟಿ ಇಲ್ಲ ಅಂತ ಬಹಳಷ್ಟು ಕಂಪನಿಗಳು ಮೊದಲೇ ಬರೆದಿರುತ್ತವೆ.

ಅಂಗಡಿಯಲ್ಲಿ ತೋಟಾ ಸಿಗದ ಬರಗಾಲಕ್ಕೆ ರೀಲೋಡ್ ಆಗುತ್ತದೆ ಅನ್ನುವ ಮಾತು ಅರ್ಧ ನಿಜ. 2020ರಲ್ಲಿ ತೋಟಾ ಮಾಯವಾದಾಗ ಪ್ರೈಮರೂ ಮಾಯವಾಯಿತು. ಮೊದಲೇ ಕೂಡಿಟ್ಟವರು ಹೊಡೆದರು, ಉಳಿದವರು ಪ್ರೆಸ್ಸಿನ ಧೂಳು ಒರೆಸಿದರು.

ಇಷ್ಟು ಓದಿಯೂ ಆಸೆ ಇದ್ದರೆ, ನಿಮ್ಮ ರೇಂಜಿನವರು ಒಪ್ಪಿದರೆ, ಈ ವಾರದಿಂದಲೇ ನಿಮ್ಮ ಖಾಲಿ ಕೇಸುಗಳನ್ನು ಹೆಕ್ಕಿ ತನ್ನಿ. ಆರು ತಿಂಗಳಾದ ಮೇಲೆ ಬೇಡ ಅನ್ನಿಸಿದರೆ ಹಿತ್ತಾಳೆ ತೂಕಕ್ಕೆ ಗುಜರಿಯವನಾದರೂ ತೆಗೆದುಕೊಳ್ಳುತ್ತಾನೆ.